ನೀರುಗಂಟಿಗೆ ಏರಿ ಹತ್ತಬೇಡ ಎಂದವರು

ಮೊನ್ನೆ ಪಂಚಾಯ್ತಿ ಹಾಲಿಗೆ ಕರೆಸಿ ನಮಗೆಲ್ಲ ಒಂದೊಂದು ಕೆಂಪು ಪ್ಲಾಸ್ಟಿಕ್ ಸೀಟಿ ಕೊಟ್ಟರು. ಕುತ್ತಿಗೆಗೆ ಹಾಕಿಕೊಳ್ಳಲು ದಾರವೂ ಇತ್ತು. ನೆರೆ ಬಂದರೆ, ಕಾಡಿನ ಕಡೆಯಿಂದ ಬೆಂಕಿ ಬಂದರೆ, ಊರಲ್ಲಿ ಗಲಾಟೆ ಎದ್ದರೆ ಮೊದಲು ಕಂಡವರು ಇದನ್ನು ಊದಬೇಕು ಎಂದು ಒಬ್ಬ ಚಿಕ್ಕ ವಯಸ್ಸಿನ ಅಧಿಕಾರಿ ಮೈಕಿನಲ್ಲಿ ಹೇಳಿದ. ಗೋಡೆಯ ಮೇಲೆ ಯಾವುದೋ ದೇಶದ ನೆರೆಯ ಚಿತ್ರ ಬಿಟ್ಟಿದ್ದರು. ‘ಆಪತ್ತು ಬರುವ ಮೊದಲೇ ಅದನ್ನು ಗುರುತು ಹಿಡಿಯುವವರು ನಿಮ್ಮ ಊರಿನಲ್ಲಿ ಯಾರಿದ್ದಾರೆ?’ ಎಂದು ಕೇಳಿದ. ಹಿಂದಿನಿಂದ ಒಬ್ಬ, ‘ಟೀವಿ ಅದೆಯಲ್ಲ ಸಾ’ ಎಂದ. ಎಲ್ಲರೂ ನಕ್ಕರು.

ನಾನು ಸೀಟಿಯನ್ನು ಬಾಯಿಗಿಟ್ಟು ನೋಡಿದೆ. ಊದುವ ಮೊದಲೇ ಅದರ ವಾಸನೆ ಮೂಗಿಗೆ ಬಡಿಯಿತು. ಆಗ ತಾನೇ ಕವರಿನಿಂದ ಬಿಚ್ಚಿದ ಹೊಸ ಪ್ಲಾಸ್ಟಿಕ್ಕಿನ ವಾಸನೆ. ನಮ್ಮ ಕೆರೆಯ ಕೋಡಿಗೆ ಮೀನಿನವನು ಕಟ್ಟಿದ ಹೊಸ ಬಲೆಗೂ ಇದೇ ವಾಸನೆ ಇತ್ತು… ಸೀಟಿಯನ್ನು ಮಡಿಲಿಗೆ ಹಾಕಿಕೊಂಡು ಕುಳಿತೆ. ಆಮೇಲೆ ಆ ಹುಡುಗ ಏನು ಹೇಳಿದನೋ ನನಗೆ ಗೊತ್ತಿಲ್ಲ. ನನಗೆ ನೀರುಗಂಟಿ ನೆನಪಾಗಿದ್ದ. ಸಿಟ್ಟು ಬಂದಿತ್ತು.

ನೀರುಗಂಟಿ ಎಂದರೆ ಈಗಿನವರಿಗೆ ತಿಳಿಯದು. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವವನು, ಕೆರೆಯ ಏರಿ ಕಾಯುವವನು. ಅದು ಸರ್ಕಾರದ ಕೆಲಸವಲ್ಲ, ಅಪ್ಪನಿಂದ ಮಗನಿಗೆ ಬರುವ ಊರಿನ ಕೆಲಸ. ಸುಗ್ಗಿಯಲ್ಲಿ ಪ್ರತಿ ಗದ್ದೆಯವರೂ ಒಂದು ಹೊರೆ ಭತ್ತ ಕೊಡುತ್ತಿದ್ದರು, ಅವನ ಮನೆ ಅದರಲ್ಲಿ ನಡೆಯುತ್ತಿತ್ತು. ನಮ್ಮ ಊರು ಕೊಳ್ಳೇಗಾಲಕ್ಕೂ ಯಳಂದೂರಿಗೂ ನಡುವೆ, ಬಸ್ಸಿಳಿದು ಒಳಗೆ ನಡೆಯಬೇಕು. ಬೆಟ್ಟದ ಹಳ್ಳಗಳ ನೀರು ಬಂದು ನಿಲ್ಲುವ ಕೆರೆ. ಏರಿಯ ಹಿಂದೆ ತಗ್ಗಿನಲ್ಲಿ ಕೆಳಗಿನ ಕೇರಿ, ಅದರಾಚೆ ಗದ್ದೆ ಬಯಲು. ನೀರುಗಂಟಿಯ ಮನೆ ಆ ಕೇರಿಯಲ್ಲಿ. ನಮ್ಮದು ಮೇಲಿನ ಬೀದಿ, ದಿಣ್ಣೆಯ ಮೇಲೆ. ಕೆರೆ ಒಡೆದರೆ ನಮ್ಮ ಬೀದಿಗೆ ಒಂದು ಚೊಂಬು ನೀರೂ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಮಾಡಿದ್ದಕ್ಕೆಲ್ಲ ಇದೇ ಕಾರಣ.

ಇನ್ನೊಂದು ಮಾತು. ಅವನು ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು. ಮೇಲಿನ ಬೀದಿಯವರ ಬಾಯಲ್ಲಿ ಅವನಿಗೆ ಮರ್ಯಾದೆಯ ಮಾತು ಬಂದದ್ದಿಲ್ಲ, ನನ್ನ ಬಾಯಲ್ಲೂ ಬಂದದ್ದಿಲ್ಲ. ಈಗ ಸತ್ತ ಮೇಲೆ ಅವರು ಇವರು ಎಂದು ಬರೆದರೆ ಅದು ನಾಟಕವಾಗುತ್ತದೆ. ಹಾಗಾಗಿ ಹಿಂದೆ ಹೇಗೆ ಕರೆದೆನೋ ಹಾಗೇ ಬರೆಯುತ್ತೇನೆ.

ಮದುವೆಯಾಗಿ ಬಂದ ವರ್ಷವೇ ನಾನು ಅವನ ಮೇಲೆ ಜಗಳಕ್ಕೆ ಹೋಗಿದ್ದೆ. ನಮ್ಮ ಗದ್ದೆ ತೂಬಿನ ಪಕ್ಕದಲ್ಲೇ, ಕಾಲುವೆಯ ತಲೆಯಲ್ಲಿ. ನೀರು ನಮ್ಮ ಬದುವಿನ ಬುಡದಲ್ಲೇ ಹರಿದು ಹೋಗುತ್ತಿತ್ತು, ನಮಗೆ ಒಂದು ಹನಿಯೂ ಇಲ್ಲ. ಕಟ್ಟಕಡೆಯ ಗದ್ದೆ ಮೊದಲು ನೆನೆಯಬೇಕು, ಆಮೇಲೆ ಅದರ ಹಿಂದಿನದು, ಕೊನೆಗೆ ನಮ್ಮದು. ಅದು ಅವನ ತಾತನ ಕಾಲದ ಕಟ್ಟಳೆಯಂತೆ.

‘ನಮ್ಮ ಬಾಗ್ಲಲ್ಲೇ ನೀರು ಓಯ್ತಾ ಅದೆ, ನಮ್ ಪೈರು ಒಣಗ್ತಾ ಅದೆ. ಇದ್ಯಾವ್ ನ್ಯಾಯ ನಿಂದು?’ ಎಂದೆ.

ಅವನು ತೂಬಿನ ಕಲ್ಲಿನ ಮೇಲೆ ಕುಳಿತು ಎಲೆ ಮಡಿಸುತ್ತಿದ್ದ. ‘ನಿಮ್ಗೆ ಮೊದ್ಲು ಬುಟ್ರೆ, ನಿಮ್ದಾದ್ ಮ್ಯಾಲೆ ಕಾಲ್ವೆ ಕಡೆ ತಿರುಗ್ ನೋಡೀರಾ ಅವ್ವ? ಈಗ್ನೋಡಿ, ಕೊನೆಯೋನ್ದು ಬಿರ್‍ನೆ ನೆನೀಲಿ ಅಂತ ನೀವೇ ಗುದ್ಲಿ ತಕಂಡು ಕಾಲ್ವೆ ಬಳೀತೀರಿ’ ಎಂದ.

ನಾನು ಬೈದುಕೊಂಡು ಮನೆಗೆ ಬಂದೆ. ಮರುದಿನ ಬೆಳಿಗ್ಗೆ ನಮ್ಮತ್ತೆ ನನ್ನ ಕೈಗೆ ಗುದ್ದಲಿ ಕೊಟ್ಟು ಕಾಲುವೆಯ ಹೂಳು ತೆಗೆಯಲು ಕಳಿಸಿದರು. ಹೋಗಿ ನೋಡಿದರೆ ಕಾಲುವೆಯ ಉದ್ದಕ್ಕೂ ತಲೆಗದ್ದೆಯವರು, ನಡುಗದ್ದೆಯವರು ಎಲ್ಲ ಬಗ್ಗಿಕೊಂಡು ಹುಲ್ಲು ಕೀಳುತ್ತಿದ್ದಾರೆ. ಕೊನೆಯ ಗದ್ದೆ ಯಾರದು? ಕೆಳಗಿನ ಕೇರಿಯ ಒಬ್ಬ ಮುದುಕಿಯದು. ಅವಳ ಗದ್ದೆಗೆ ನೀರು ತಲುಪಲಿ ಎಂದು ಮೇಲಿನ ಬೀದಿಯ ಗೌಡರೆಲ್ಲ ಕೆಸರಲ್ಲಿ ನಿಂತಿದ್ದರು. ಯಾರೂ ಪ್ರೀತಿಯಿಂದ ನಿಂತಿರಲಿಲ್ಲ. ಅವಳದು ಮುಗಿದರೆ ತಮಗೆ ಬರುತ್ತದೆ ಎಂದು ನಿಂತಿದ್ದರು. ಸಾಕಲ್ಲ ಅಷ್ಟು?

ಯಾರಾದರೂ ಕದ್ದು ಬದು ಕಡಿದು ನೀರು ತಿರುಗಿಸಿಕೊಂಡರೆ ನೀರುಗಂಟಿ ಕಳ್ಳನನ್ನು ಹುಡುಕುತ್ತಿರಲಿಲ್ಲ. ಸುಮ್ಮನೆ ತೂಬು ಮುಚ್ಚಿ ಅದರ ಮೇಲೆ ಕುಳಿತುಬಿಡುತ್ತಿದ್ದ. ಇಡೀ ಬಯಲಿಗೆ ಆ ದಿನ ನೀರಿಲ್ಲ. ಸಂಜೆಯೊಳಗೆ ಕದ್ದವನನ್ನು ಅವನ ದಾಯಾದಿಗಳೇ ಕಿವಿ ಹಿಡಿದು ಕರೆತರುತ್ತಿದ್ದರು. ಅವನ ಕಾಲದಲ್ಲಿ ನೀರಿಗಾಗಿ ನಮ್ಮೂರಲ್ಲಿ ಒಂದು ಹಲ್ಲು ಮುರಿದದ್ದಿಲ್ಲ. ಎರಡು ಬೀದಿಯವರು ಒಬ್ಬರ ಮುಖ ಒಬ್ಬರು ನೋಡುವ ಹಾಗಿದ್ದದ್ದು ಆ ಕಾಲುವೆಯಲ್ಲಿ ಮಾತ್ರ. ದೇವಸ್ಥಾನದಲ್ಲಿ ಅಲ್ಲ, ಬಾವಿಯಲ್ಲಿ ಅಲ್ಲ.

ಮಳೆಗಾಲದ ಮುಂಚೆ ಅವನು ಏರಿಯನ್ನು ಗೇಣು ಗೇಣಾಗಿ ನೋಡುತ್ತಿದ್ದ. ಏಡಿ ಕೊರೆದ ಬಿಲಕ್ಕೆ ಜೇಡಿಮಣ್ಣು ಕಲಸಿ, ಲಕ್ಕಿ ಸೊಪ್ಪು ಸೇರಿಸಿ ಹಿಮ್ಮಡಿಯಿಂದ ತುಳಿದು ಮುಚ್ಚುತ್ತಿದ್ದ. ಒಮ್ಮೆ ನಾನು ಹುಲ್ಲು ಕೊಯ್ಯಲು ಹೋದಾಗ ಏರಿಯ ಹಿಂಬದಿಯಲ್ಲಿ ನೀರು ಜಿನುಗುತ್ತಿತ್ತು. ಹೆದರಿ ಕೂಗಿದೆ. ಬಂದು ಬೊಗಸೆಯಲ್ಲಿ ಹಿಡಿದು ಬಿಸಿಲಿಗೆ ತೋರಿಸಿದ.

‘ತಿಳಿಯಾಗ್ ಅದೆ ನೋಡಿ. ಇಂಗ್ ಬಂದ್ರೆ ಏನಾಗಲ್ಲ, ಕೆರೆ ಬೆವುರ್ತಾ ಅದೆ ಅಷ್ಟೇಯ. ಕೆಂಪ್ಗೆ ಬಂತೋ, ಏರಿ ಒಳ್ಗಡೆ ಮಣ್ಣು ಕಳ್ಚ್ಕತಾ ಅದೆ ಅಂತ. ಆಗ ನಿಂತ್ಕಬ್ಯಾಡಿ, ಎದ್ದು ಓಡಿ.’

ಇಷ್ಟು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ.

ಆಮೇಲೆ ನದಿಯ ನೀರನ್ನು ಪೈಪಿನಲ್ಲಿ ತಂದು ಕೆರೆ ತುಂಬಿಸುತ್ತಾರೆ ಎಂದಾಯಿತು. ಪೈಪು ಬಂತು, ಮೋಟಾರು ಬಂತು, ತೂಬಿಗೆ ಕಬ್ಬಿಣದ ಚಕ್ರ ಬಂತು, ಚಕ್ರಕ್ಕೆ ಬೀಗ ಬಂತು. ಬೀಗದ ಕೈ ಯಾವುದೋ ಆಫೀಸಿನಲ್ಲಿ. ನೀರು ಯಾವಾಗಲೂ ಇರುತ್ತದೆ, ಇನ್ನು ನೀರುಗಂಟಿ ಯಾಕೆ ಎಂದರು. ಮೊದಲು ಒಂದು ಮನೆ ಹೊರೆ ಕೊಡುವುದನ್ನು ಬಿಟ್ಟಿತು, ಆಮೇಲೆ ಎಲ್ಲ ಮನೆಗಳೂ ಬಿಟ್ಟವು. ನಮ್ಮತ್ತೆ ಸತ್ತಿದ್ದರು, ನಮ್ಮ ಮನೆಯ ಹೊರೆ ನಿಲ್ಲಿಸಿದವಳು ನಾನೇ. ತಲೆಗದ್ದೆಯವರು ಮೊದಲು ನೀರು ತೆಗೆದುಕೊಂಡೆವು. ಮೂರನೆಯ ವರ್ಷಕ್ಕೆ ಕಾಲುವೆ ಹೂತುಹೋಯಿತು. ಕೊನೆಗದ್ದೆಯವನೊಬ್ಬ ಮೇಲಿನ ಬೀದಿಯವನ ಮೇಲೆ ಮಚ್ಚು ಎತ್ತಿದ. ಅವತ್ತಿನಿಂದ ಕೇರಿಯವರು ನಮ್ಮ ಬೀದಿಯ ಟೀ ಅಂಗಡಿಗೆ ಬರುವುದು ನಿಂತಿತು, ನಮ್ಮವರು ಅವರನ್ನು ಕೂಲಿಗೆ ಕರೆಯುವುದೂ ನಿಂತಿತು. ನೀರು ಹೆಚ್ಚಾಗಿತ್ತು, ಊರು ಎರಡಾಗಿತ್ತು.

ಆ ಸಮಯದಲ್ಲಿ ನಾನು ಪಂಚಾಯ್ತಿ ಮೆಂಬರಾದೆ. ಹೆಂಗಸರ ಸೀಟು ಬಂತು, ನಿಲ್ಲಿಸಿದರು, ಗೆದ್ದೆ. ವಯಸ್ಸಾದ ಮೇಲೆ ಅಕ್ಷರ ಕಲಿತವಳು ನಾನು. ಬಸ್ಸಿನ ಬೋರ್ಡು ಓದುತ್ತಿದ್ದೆ, ಹೆಸರು ಬರೆಯುತ್ತಿದ್ದೆ. ಮೀಟಿಂಗಿನಲ್ಲಿ ಕಡೆಯ ಕುರ್ಚಿಯಲ್ಲಿ ಕುಳಿತು ಪುಸ್ತಕ ಬಂದಾಗ ಸಹಿ ಮಾಡುತ್ತಿದ್ದೆ. ದಾರಿಯಲ್ಲಿ ಸಿಕ್ಕಾಗ ನೀರುಗಂಟಿ, ‘ಏನ್ ಮೆಂಬ್ರವ್ವ, ಇವತ್ತು ಎಷ್ಟು ಸೈನು?’ ಎಂದು ಕೆಣಕುತ್ತಿದ್ದ. ‘ನಿನ್ ತಲೆ ಮ್ಯಾಲೂ ಒಂದ್ ಹಾಕ್ಲೇನೋ?’ ಎನ್ನುತ್ತಿದ್ದೆ. ನಗುತ್ತಿದ್ದೆವು… ಆಮೇಲೆ ಹಾಗೇ ಆಯಿತು.

ಕೆರೆಯ ಮೀನನ್ನು ಹೊರಗಿನವನೊಬ್ಬನಿಗೆ ಗುತ್ತಿಗೆ ಕೊಟ್ಟರು. ಕೆರೆ ತುಂಬಿದಾಗ ಹೆಚ್ಚಿನ ನೀರು ತಾನಾಗಿ ಹರಿದು ಹೋಗುವ ಜಾಗ ಕೋಡಿ. ನೀರಿನ ಜೊತೆ ತನ್ನ ಮೀನೂ ಹೋಗುತ್ತದೆ ಎಂದು ಅವನು ಕೋಡಿಗೆ ಅಡ್ಡಲಾಗಿ ಗೂಟ ನೆಟ್ಟು ಈ ತುದಿಯಿಂದ ಆ ತುದಿಗೆ ಬಲೆ ಕಟ್ಟಿದ. ಹೊಸ ನೈಲಾನ್ ಬಲೆ, ಹಸಿರು ಬಣ್ಣ. ನೀರುಗಂಟಿ ಹೋಗಿ ಅವನಿಗೆ ಹೇಳಿದ, ಮಳೆ ಬಂದರೆ ಅಂತರಗಂಗೆ ಸೊಪ್ಪೆಲ್ಲ ಬಂದು ಬಲೆಗೆ ಕೂರುತ್ತದೆ, ಕೋಡಿ ಕಟ್ಟಿಕೊಳ್ಳುತ್ತದೆ, ನೀರು ಏರಿಯ ಮೇಲೆ ಬೀಳುತ್ತದೆ ಎಂದು. ಮೀನಿನವನು, ‘ಯಾರಯ್ಯ ನೀನು, ಕೆರೆ ನಿಮ್ಮಪ್ಪಂದಾ?’ ಎಂದನಂತೆ. ಕೆರೆ ನೀರುಗಂಟಿಯ ಅಪ್ಪನದೇ ಆಗಿತ್ತು, ಅವನ ಅಪ್ಪ ಕಾದ ಕೆರೆ. ಒಂದು ಮಧ್ಯಾಹ್ನ ಕುಡುಗೋಲು ತೆಗೆದುಕೊಂಡು ಹೋಗಿ ಬಲೆಯನ್ನು ಕೊಯ್ದುಹಾಕಿದ.

ಮೀನಿನವನು ಮತ್ತೆ ಹೊಸ ಬಲೆ ಕಟ್ಟಿಸಿ, ಕಂಪ್ಲೇಂಟು ಕೊಟ್ಟ. ನೀರುಗಂಟಿಯನ್ನು ಸ್ಟೇಷನ್ನಿಗೆ ಕರೆದೊಯ್ದು ಹೊಡೆದರು. ಇನ್ನು ಮುಂದೆ ಕೆರೆ ಏರಿ ಹತ್ತುವುದಿಲ್ಲ, ಕೋಡಿಯ ಹತ್ತಿರ ಸುಳಿಯುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಂಡು ಹೆಬ್ಬೆಟ್ಟು ಒತ್ತಿಸಿದರು. ಪಂಚಾಯ್ತಿಯಿಂದಲೂ ಒಂದು ಕಾಗದ ಬೇಕು ಎಂದರು. ಮೀಟಿಂಗಿನಲ್ಲಿ ಪುಸ್ತಕ ಬಂತು. ನಾನು ಓದಲಿಲ್ಲ. ಓದಬಹುದಿತ್ತು, ನಿಧಾನವಾಗಿ ಅಕ್ಷರ ಕೂಡಿಸಿದರೆ ಬರುತ್ತಿತ್ತು. ಎಲ್ಲರೂ ಟೀ ಕುಡಿದು ಏಳುತ್ತಿದ್ದರು, ನಾನೊಬ್ಬಳು ತಡ ಮಾಡಿದರೆ ನಗುತ್ತಾರೆ ಎಂದು ಸಹಿ ಮಾಡಿದೆ. ಊರಲ್ಲಿ ಕೆರೆ ಗೊತ್ತಿದ್ದ ಒಬ್ಬನೇ ಒಬ್ಬನಿಗೆ ಕೆರೆಯ ಹತ್ತಿರ ಬರಬೇಡ ಎಂದು ಊರೇ ಬರೆದುಕೊಟ್ಟಿತು. ಇಂಥ ಹುಚ್ಚು ಯಾವ ಊರಿನಲ್ಲಾದರೂ ಉಂಟೋ?

ಅದೇ ವರ್ಷ ಬೆಟ್ಟದ ಮೇಲೆ ನಾಲ್ಕು ದಿನ ಬಿಡದೆ ಮಳೆ ಹುಯ್ಯಿತು. ಐದನೆಯ ದಿನ ನಮ್ಮಲ್ಲಿ ಬರೀ ತುಂತುರು. ನಾನು ಯಾವುದೋ ಕೆಲಸಕ್ಕೆ ಪಂಚಾಯ್ತಿ ಆಫೀಸಿಗೆ ಹೋಗಿದ್ದೆ. ಅಧ್ಯಕ್ಷರು ಹನೂರಿಗೆ ಮದುವೆಗೆ ಹೋಗಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ನೀರುಗಂಟಿ ಬಂದ. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ, ಮೊಣಕಾಲಿನ ತನಕ ಕೆಸರು. ಒಳಗೆ ಬರಲಿಲ್ಲ, ಬಾಗಿಲ ಆಚೆಯೇ ನಿಂತ.

‘ಅವ್ವಾ, ಏರಿ ಇಂದ್ಗಡೆ ಕೆಂಪು ಬತ್ತಾ ಅದೆ.’

ನಾನು ಕೇಳಿದ ಮೊದಲ ಮಾತು ಇದು: ‘ನೀನು ಏರಿ ಹತ್ತಿದ್ಯಾ?’

ಈಗ ನೆನೆಸಿಕೊಂಡರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

‘ಇಲ್ಲ ಅವ್ವ. ಎಬ್ಬೆಟ್ಟು ಒತ್ತಿವ್ನಲ್ಲ, ಎಂಗೆ ಅತ್ಲಿ? ನಮ್ಮ ಮನೆ ಇತ್ಲಿಂದ್ಲೇ ನೋಡ್ದೆ. ಕೋಡೀಲಿ ಸೊಪ್ಪು ಗ್ವಾಡೆ ಆಗಿ ಕುಂತದೆ. ನಾಲ್ಕಾಳು ಬೇಕು. ನೀವ್ ಒಂದ್ ಮಾತು ಏಳಿ, ನಿಮ್ಮ ಬೀದಿಯೋರು ಬತ್ತಾರೆ. ಬಲೆ ಕುಯ್ದಾಕ್ತೀವಿ. ಮೆಂಬ್ರವ್ವ ಏಳುದ್ರು ಅಂದ್ರೆ ಪೋಲೀಸ್ನೋರೂ ಏನೂ ಅನ್ನಲ್ಲ.’

ಅಧ್ಯಕ್ಷರನ್ನು ಕೇಳುತ್ತೇನೆ ಎಂದೆ. ಫೋನು ಹಚ್ಚಿಸಿದೆ. ಆ ಕಡೆ ಓಲಗದ ಸದ್ದು. ‘ಮಳೆ ಅಂದ್ಮೇಲೆ ನೀರು ಬತ್ತದೆ ಕಣಕ್ಕ. ಅಂವ ಬಲೆ ಮ್ಯಾಲೆ ಅಗೆ ಸಾಧಿಸ್ತಾವ್ನೆ. ನಾಳೆ ನೋಡಾನ ಬುಡು’ ಎಂದರು. ನಾನು ಫೋನಿಟ್ಟು, ‘ನಾಳೆ ನೋಡ್ತಾರಂತೆ’ ಎಂದೆ.

ಅವನು ಕೊಪ್ಪೆ ಎಳೆದುಕೊಂಡ. ‘ಆಯ್ತು’ ಎಂದು ಹೋದ. ನಾನು ಬುತ್ತಿ ಬಿಚ್ಚಿ ಊಟ ಮಾಡಿದೆ. ನಮ್ಮ ಬೀದಿ ದಿಣ್ಣೆಯ ಮೇಲಿತ್ತಲ್ಲ.

ಮುಂದಿನದನ್ನು ಕೇರಿಯವರು ಹೇಳಿ ಕೇಳಿದ್ದು. ಅವನು ಮನೆ ಮನೆಗೆ ಹೋಗಿ ಕೆರೆ ಒಡೆಯುತ್ತದೆ, ಏಳಿ ಎಂದನಂತೆ. ಯಾರೂ ಕದಲಲಿಲ್ಲ. ‘ನಿನ್ ಕೆಲ್ಸ ಓದ್ ದಿನದಿಂದ ಕೆರೆ ಒಡೀತದೆ ಅಂತಾನೆ ಇದ್ದೀಯ, ಓಗ್ಲಾ’ ಎಂದು ನಕ್ಕರಂತೆ. ಆಗ ಅವನು ಕೇರಿಯ ನಡುವೆ ನಿಂತು ಬೇರೆ ಕೂಗು ಹಾಕಿದ. ‘ಇಸ್ಕೂಲ್ ತವು ಅಕ್ಕಿ ಕೊಡ್ತಾವ್ರೆ! ತಲೆಗೊಂದು ಮೂಟೆ! ಕಾರ್ಡು ತಕಂಡು ಬಿರ್‍ನೆ ಬನ್ನಿ! ಮನೇಲಿರೋರ್ ಎಲ್ಲಾರ್ದೂ ಬೆಟ್ಟು ಇಡ್ಬೇಕಂತೆ, ಮುದುಕ್ರು ಮಕ್ಳು ಎಲ್ಲಾ! ನಡ್ಯಕ್ಕಾಗ್ದೆ ಇರೋರ್ನ ಎತ್ಕಂಡ್ ಬನ್ನಿ!’

ಶಾಲೆ ನಮ್ಮ ಬೀದಿಯ ಪಕ್ಕ, ದಿಣ್ಣೆಯಲ್ಲಿ. ನಾನು ಊಟ ಮುಗಿಸಿ ಅಲ್ಲಿಗೆ ಬರುವಾಗ ಇಡೀ ಕೇರಿ ಏರುಹಾದಿಯಲ್ಲಿ ಬರುತ್ತಿತ್ತು. ಕೈಯಲ್ಲಿ ರೇಷನ್ ಕಾರ್ಡು, ಬಗಲಲ್ಲಿ ಚೀಲ. ಎದ್ದು ಕೂರಲಾರದ ಮುದುಕಿಯನ್ನು ಮಗ ಬೆನ್ನ ಮೇಲೆ ಹೊತ್ತಿದ್ದ, ಅವಳು ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಬಾಣಂತಿ ಕೂಸಿನ ಬೆರಳೂ ಬೇಕೇನೋ ಎಂದು ಅದನ್ನೂ ತಂದಿದ್ದಳು. ಶಾಲೆಯ ಬಾಗಿಲಿಗೆ ಬೀಗ. ಮಳೆಯೆಂದು ರಜೆ ಕೊಟ್ಟಿದ್ದರು.

ಎಲ್ಲ ಅವನ ಮೇಲೆ ಬಿದ್ದರು. ಒಬ್ಬಳು ಕೈಯಲ್ಲಿದ್ದ ಚೀಲದಿಂದ ಅವನ ಮುಖಕ್ಕೆ ಬಡಿದಳು. ‘ಎಲ್ಲಿ ಕಣ್ಲಾ ಅಕ್ಕಿ? ಒಲೆ ಮ್ಯಾಲೆ ಎಸ್ರು ಬುಟ್ಟು ಬಂದಿವ್ನಿ, ಮುಂಡೇದೆ!’ ಅವನು ಬಾಗಿಲಿಗೆ ಒರಗಿ ನಿಂತು ಏಟು ತಿನ್ನುತ್ತಲೇ ತಲೆ ಎಣಿಸುತ್ತಿದ್ದ. ತುಟಿ ಅಲ್ಲಾಡುವುದು ನನಗೆ ಕಂಡಿತು. ‘ಇನ್ನೊಂದ್ ಗಳಿಗೆ ಬಯ್ಯಿರಿ, ಓಗ್ಬ್ಯಾಡಿ’ ಎಂದು ಬೇಡಿಕೊಳ್ಳುತ್ತಿದ್ದ. ಇಬ್ಬರು ವಾಪಸ್ಸು ಹೊರಟರು. ಅವನು ಹೋಗಿ ಅವರ ಕಾಲು ಹಿಡಿದುಕೊಂಡ.

ಆಗ ಸದ್ದು ಬಂತು. ಹತ್ತು ಲಾರಿ ಜಲ್ಲಿ ಒಟ್ಟಿಗೇ ಸುರಿದ ಹಾಗೆ. ಯಾರೂ ಕಿರುಚಲಿಲ್ಲ. ನಿಂತಲ್ಲಿಂದಲೇ ಕಾಣುತ್ತಿತ್ತು. ಹುಲ್ಲಿನ ಮೆದೆ ಮೊದಲು ತೇಲಿತು, ಆಮೇಲೆ ಹೆಂಚಿನ ಮಾಡು, ಆಮೇಲೆ ಕಟ್ಟಿಹಾಕಿದ್ದ ಮೇಕೆಗಳು… ಅವುಗಳ ಸದ್ದು ಒಂದು ಸಲ ಕೇಳಿಸಿತು. ಮನೆಗಳಲ್ಲಿ ಮೊದಲು ಹೋದದ್ದು ನೀರುಗಂಟಿಯ ಮನೆ.

ಜನ ಯಾರೂ ಸಾಯಲಿಲ್ಲ. ಒಂದು ಕೂಸೂ ಸಾಯಲಿಲ್ಲ.

ಯಾರೂ ಸಾಯಲಿಲ್ಲ ಎನ್ನುವುದೇ ಅವನಿಗೆ ಮುಳುವಾಯಿತು. ಹತ್ತು ಹೆಣ ಬಿದ್ದಿದ್ದರೆ ಮಂತ್ರಿ ಬರುತ್ತಿದ್ದರು, ಬಲೆ ಕಟ್ಟಿದವನು ಯಾರು, ಕಟ್ಟಲು ಬಿಟ್ಟವರು ಯಾರು ಎಂದು ಕೇಳುತ್ತಿದ್ದರು. ಹೆಣ ಇಲ್ಲದ ಕಡೆಗೆ ಯಾರು ಬರುತ್ತಾರೆ? ಚಾಪೆ, ಬಕೆಟ್ಟು ಹಂಚಿ ಹೋದರು. ಮೀನಿನವನು ಟೀ ಅಂಗಡಿಯಲ್ಲಿ ಒಂದು ಮಾತು ಬಿಟ್ಟ: ‘ಕೆರೆ ಒಡೀತದೆ ಅಂತ ಅವನಿಗೆ ಮೊದ್ಲೇ ಹೆಂಗೆ ಗೊತ್ತಾಯ್ತು? ಅವನೇ ಏರಿ ಕಡ್ದವನೆ.’ ಎರಡು ದಿನದಲ್ಲಿ ಅದು ಇಡೀ ಊರಿನ ಮಾತಾಯಿತು. ನಮ್ಮ ಬೀದಿ ನಂಬಿತು. ಕೇರಿಯವರೂ ನಂಬಿದರು. ಬೆನ್ನ ಮೇಲೆ ತಾಯಿಯನ್ನು ಹೊತ್ತು ತಂದಿದ್ದವನೇ, ‘ಅಕ್ಕಿ ಅಂತ ಸುಳ್ಳೇಳ್ದೋನು ಏರಿ ಕಡಿಯಕ್ಕೆ ಇಂದ್ಮುಂದ್ ನೋಡ್ತಾನಾ?’ ಎಂದ. ಆ ಸುಳ್ಳಿನಿಂದಲೇ ಅವನ ತಾಯಿ ಉಳಿದಿದ್ದಳು!

ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಇದೇ ಪಂಚಾಯ್ತಿ ಹಾಲಿನಲ್ಲಿ ಕುಳಿತರು. ನೀರುಗಂಟಿಯನ್ನು ಬಾಗಿಲ ಹತ್ತಿರ ನಿಲ್ಲಿಸಿದ್ದರು. ಅವನು ಬೇರೇನೂ ಹೇಳಲಿಲ್ಲ. ‘ಮಧ್ಯಾಹ್ನವೇ ಬಂದು ಮೆಂಬ್ರವ್ವಂಗೆ ಏಳಿದ್ದೆ ಸಾ. ಅವ್ರ್ನೇ ಕೇಳಿ’ ಎಂದ.

ಅಧಿಕಾರಿ ನನ್ನ ಕಡೆ ತಿರುಗಿ, ‘ಹೌದೇನಮ್ಮ, ಈತ ಬಂದು ಹೇಳಿದ್ದನಾ?’ ಎಂದು ಕೇಳಿದರು.

ಹೌದು ಎಂದರೆ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು. ಹೇಳಿದ ಮೇಲೆ ನೀನೇನು ಮಾಡಿದೆ? ಅಧ್ಯಕ್ಷರು ಎದುರಿಗೆ ಕುಳಿತು ಉಗುರು ನೋಡಿಕೊಳ್ಳುತ್ತಿದ್ದರು. ನಮ್ಮ ಬೀದಿಯವರೆಲ್ಲ ಕಿಟಕಿಯಲ್ಲಿದ್ದರು.

‘ಇಲ್ಲ ಸಾ’ ಎಂದೆ.

ಪೋಲೀಸಿನವರು ನೀರುಗಂಟಿಯನ್ನು ಕರೆದೊಯ್ದರು. ಕೇಸು ಹಾಕಿದರು. ಎಷ್ಟೋ ವರ್ಷ ಕೋರ್ಟಿಗೆ ಅಲೆದ, ಕೊನೆಗೆ ಸಾಕ್ಷಿ ಇಲ್ಲ ಎಂದು ಬಿಟ್ಟರು. ಕೋರ್ಟು ಬಿಟ್ಟರೂ ಊರು ಬಿಡಲಿಲ್ಲ. ಕೇರಿಗೆ ಹೊಸ ಮನೆ ಕಟ್ಟಿಕೊಟ್ಟಾಗ ಕೆರೆ ಕಡಿದವನಿಗೆ ಮನೆ ಯಾಕೆ ಎಂದರು. ಹೆಂಡತಿಯ ತವರು ಅಜ್ಜೀಪುರದ ಕಡೆ, ಅಲ್ಲಿಗೆ ಹೋದ.

ಒಮ್ಮೆ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. ತಪ್ಪಿಸಿಕೊಂಡು ಹೋಗಲು ನೋಡಿದೆ, ಅವನೇ ಹತ್ತಿರ ಬಂದ. ಬಡಕಲಾಗಿದ್ದ. ಬೈಯುತ್ತಾನೆ ಎಂದು ಸೆರಗು ಬಿಗಿ ಹಿಡಿದು ನಿಂತೆ. ‘ಹೊಸ ಏರಿ ಕುಂತ್ಕಂಡದಾ ಅವ್ವ? ಜೇಸೀಬಿ ಮಣ್ಣು ಕಣವ್ವ ಅದು, ಯಾರೂ ತುಳಿದಿಲ್ಲ. ಎರಡು ಮಳೆಗಾಲ ಹುಷಾರಾಗಿ ನೋಡ್ಕಳಕ್ಕೆ ಏಳಿ’ ಎಂದ. ಅಷ್ಟೇ. ಹನೂರಿನ ಬಸ್ಸು ಬಂತು, ಹತ್ತಿದ. ಬೈದಿದ್ದರೆ ನನಗೆ ಹಗುರಾಗುತ್ತಿ‌ತ್ತು. ನಾನೂ ನಾಲ್ಕು ಮಾತು ತಿರುಗಿ ಬೈದು, ಲೆಕ್ಕ ಚುಕ್ತಾ ಆಯಿತು ಎಂದುಕೊಂಡು ಮನೆಗೆ ಬರುತ್ತಿದ್ದೆ. ಅದಕ್ಕೂ ಅವನು ಎಡೆ ಕೊಡಲಿಲ್ಲ. ಆ ಸಿಟ್ಟೂ ನನಗಿದೆ.

ಅವನು ತೀರಿಹೋದ ಸುದ್ದಿ ಹನೂರಿನ ಸಂತೆಯಲ್ಲಿ ಯಾರೋ ಹೇಳಿದರು. ಟೊಮೆಟೊ ಆರಿಸುತ್ತಿದ್ದೆ. ಆರಿಸಿ ಮುಗಿಸಿ ಬಂದೆ…

ಇಷ್ಟೆಲ್ಲ ತಲೆಯಲ್ಲಿ ಓಡುತ್ತಿರುವಾಗ ಮೊನ್ನೆ ಆ ಹುಡುಗ ಅಧಿಕಾರಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದ. ನಿಮ್ಮ ಊರಿನಲ್ಲಿ ಯಾರಿದ್ದಾರೆ? ಮೊಣಕಾಲು ಹಿಡಿದುಕೊಂಡು ಎದ್ದು ನಿಂತೆ. ‘ಒಬ್ಬ ಇದ್ದ ಸಾ’ ಎಂದೆ. ಬಲೆಯದು, ಮುಚ್ಚಳಿಕೆಯದು, ಕೆಂಪು ನೀರಿನದು, ಅಕ್ಕಿಯದು ಎಲ್ಲ ಹೇಳಿದೆ. ‘ಅವನು ನನಗೆ ಬಂದು ಹೇಳಿದ್ದ. ಇಲ್ಲ ಅಂತ ನಾನು ಸುಳ್ಳು ಹೇಳಿದೆ. ಅವನು ಕೆರೆ ಕಡಿದವನಲ್ಲ’ ಎಂದೆ. ಪಕ್ಕದವಳು ಸೆರಗು ಜಗ್ಗಿ, ‘ಕುತ್ಕಳಜ್ಜಿ, ಸತ್ತೋಗಿರೋರ ಇಸ್ಯ ಈಗ್ಯಾಕೆ’ ಎಂದಳು. ನಾನು ಕೂರಲಿಲ್ಲ.

ಆ ಹುಡುಗ ಮುಖ ಅರಳಿಸಿ, ‘ಅಜ್ಜಿ ತುಂಬಾ ಒಳ್ಳೆಯ ಅನುಭವ ಹಂಚಿಕೊಂಡರು, ಎಲ್ಲರೂ ಜೋರಾಗಿ ಚಪ್ಪಾಳೆ’ ಎಂದ.

ತಟ್ಟಿದರು. ಒಬ್ಬ ಮನುಷ್ಯನನ್ನು ಊರು ಬಿಡಿಸಿದೆ ಎಂದು ನಾನು ಹೇಳಿದೆ, ಅವರು ಚಪ್ಪಾಳೆ ತಟ್ಟಿದರು! ಅವತ್ತಿನ ಅಧ್ಯಕ್ಷರು ಮುಂದಿನ ಸಾಲಿನಲ್ಲಿದ್ದರು, ಅವರೂ ತಟ್ಟಿದರು. ಆಮೇಲೆ ಎಲ್ಲರಿಗೂ ರೈಸ್‌ಬಾತ್ ಕೊಟ್ಟರು. ನಾನು ತಿನ್ನದೆ ಮನೆಗೆ ಬಂದೆ.

ಮರುದಿನ ಕೊಳ್ಳೇಗಾಲಕ್ಕೆ ಹೋಗಿ, ಹನೂರಿನಲ್ಲಿ ಬಸ್ಸು ಬದಲಾಯಿಸಿ ಅಜ್ಜೀಪುರದಲ್ಲಿ ಇಳಿದೆ. ಕೇಳಿಕೊಂಡು ಕೇಳಿಕೊಂಡು ಮನೆ ಹುಡುಕಿದೆ. ನೀರುಗಂಟಿಯ ಹೆಂಡತಿ ಅಂಗಳದಲ್ಲಿ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಗುರುತು ಹಿಡಿದಳು. ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲಿಲ್ಲ. ನಿಂತುಕೊಂಡೇ ಹೇಳಿದೆ, ನಾನು ಹೇಳಿದ್ದು ಸುಳ್ಳು ಎಂದು.

‘ಗೊತ್ತು’ ಎಂದಳು. ಮೊರ ನಿಲ್ಲಿಸಲಿಲ್ಲ. ‘ಅವ್ರು ಅವತ್ತೇ ಏಳಿದ್ರು. ಅವ್ವ ಬಯ ಬಿದ್ರು ಕಣೆ, ಬೈಬ್ಯಾಡ ಅಂದಿದ್ರು. ನಂಗೊತ್ತಿರೋದ ನಂಗೇ ಏಳಕ್ಕೆ ಇಷ್ಟ್ ದೂರ ಬಂದ್ರಾ? ಊರ್ಗೆ ಏಳಿ.’

‘ಏಳ್ದೆ. ಚಪ್ಪಾಳೆ ತಟ್ಟುದ್ರು.’

ಅವಳು ಮೊರ ಕೆಳಗಿಟ್ಟಳು. ನಗುತ್ತಾಳೋ ಉಗಿಯುತ್ತಾಳೋ ತಿಳಿಯಲಿಲ್ಲ. ಎರಡೂ ಮಾಡಲಿಲ್ಲ.

‘ಕೂತ್ಕಳಿ’ ಎಂದಳು. ನೀರು ತಂದು ಕೊಟ್ಟಳು. ನಾನು ಕುಡಿಯುವ ತನಕ ಕಾದಳು. ಆಮೇಲೆ, ‘ಸ್ಟೇಷನ್ನಲ್ಲಿ ಅವ್ರ ಎಸ್ರಲ್ಲಿ ಕಾಗ್ದ ಅದೆ, ಕೋರ್ಟಲ್ಲಿ ಅದೆ, ನಿಮ್ಮ ಪಂಚಾಯ್ತೀಲೂ ಅದೆ. ಎಲ್ಲಾದ್ರಲ್ಲೂ ಕೆರೆ ಕಡ್ದೋನು ಅಂತ್ಲೇ ಬರ್ದದೆ. ನನ್ ಮೊಮ್ಮಕ್ಳು ಓದ್ತಾ ಅವೆ, ನಾಳೆ ಅವು ಅದ್ನೇ ಓದ್ಬೇಕಾ? ನಿಮ್ಗೆ ಬರ್ಯಕ್ಕೆ ಬತ್ತದಲ್ಲ, ಬರ್‍ಕೊಡಿ’ ಎಂದಳು.

ಬರೆಯುತ್ತೇನೆ ಎಂದು ಬಂದೆ. ಎಲ್ಲರೂ ಓದುವ ಹಾಗೆ ಅಚ್ಚಿಗೂ ಕೊಡುತ್ತೇನೆ ಎಂದೆ. ಅವಳು ಮತ್ತೆ ಮೊರ ಎತ್ತಿಕೊಂಡಳು.

ಒತ್ತಕ್ಷರ ತಪ್ಪುತ್ತದೆ, ಕೇಳಿ ತಿದ್ದಿಕೊಂಡು ಮತ್ತೆ ಬರೆಯಬೇಕು. ಇದರಲ್ಲಿ ಅವನ ಹೆಸರು ಹಾಕಿಲ್ಲ, ಹಾಕುವ ಯೋಗ್ಯತೆ ನನಗಿಲ್ಲ. ಅವಳಿಗೆ ಕೊಡುವ ಕಾಗದದಲ್ಲಿ ಅವನ ಹೆಸರೂ ಇದೆ, ನನ್ನ ಹೆಸರೂ ಇದೆ. ಇಷ್ಟು ಬರೆಯಲು ನನಗೆ ಇಪ್ಪತ್ತೆರಡು ದಿನ ಹಿಡಿಯಿತು. ಅವನು ಬಾಗಿಲಲ್ಲಿ ನಿಂತಿದ್ದ ದಿನ ಹೌದು ಎನ್ನುವುದಕ್ಕೆ ಒಂದು ಉಸಿರು ಸಾಕಿತ್ತು.